ಜಾಲಿ ಕಿತ್ತೆ, ಹುಲ್ಲು ಬಂತು

ಬೀದರಿನ ಹೊನ್ನಿಕೇರಿ ಕಾಡಿಗೆ ಸಮೀಪದಲ್ಲಿ ನಮ್ಮದು ಆರು ಎಕರೆ ಕೆಂಪು ಮೊರಂ (ಗರಸು ಮಣ್ಣಿನ) ಭೂಮಿ. ಅಪ್ಪ ಉದ್ದು, ಹೆಸರು ಬಿತ್ತಿ ಬಿತ್ತಿ ಸಾಕಾಗಿ ಪಡ ಬಿಟ್ಟರು. ಹದಿನೈದು ವರ್ಷಗಳಲ್ಲಿ ಬಳ್ಳಾರಿ ಜಾಲಿ ಅದನ್ನು ನುಂಗಿತು. ನಾನು ಚಿಕ್ಕವನಿದ್ದಾಗ ಅಲ್ಲಿ ಚಿಗರಿಗಳು, ಅಂದರೆ ಪುಸ್ತಕದ ಕೃಷ್ಣಮೃಗಗಳು, ಹಿಂಡು ಹಿಂಡಾಗಿ ಮೇಯುತ್ತಿದ್ದವು. ಜಾಲಿ ದಟ್ಟವಾದಂತೆ ಅವು ಕಾಣೆಯಾದವು.

ಅವನ್ನು ಮರಳಿ ಕರೆಸಬೇಕೆಂದು ಹೊರಟ ನಾನು ಮೊದಲು ಮಾಡಿದ್ದೇನು? ಜಾಲಿಯ ನಡುವೆ ಖಾಲಿ ಉಳಿದಿದ್ದ ಜಾಗದಲ್ಲಿ ಇನ್ನಷ್ಟು ಸಸಿ ನೆಟ್ಟೆ. ಬೇವು, ಹೊಂಗೆ, ಒಟ್ಟು ನೂರೈವತ್ತು. ಬೇಸಿಗೆಯಲ್ಲಿ ಬಹುಪಾಲು ಒಣಗಿದವು, ಒಳ್ಳೆಯದೇ ಆಯಿತು. ದೂರದಿಂದಲೇ ನಾಯಿಯನ್ನು ಕಂಡು ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿಗೆ ಬೇಕಾದದ್ದು ಬಯಲು. ಬಯಲು ಕಂಡಲ್ಲೆಲ್ಲ ಸಸಿ ನೆಡುವ ನಮ್ಮ ಉತ್ಸಾಹ ಅದಕ್ಕೆ ಶತ್ರು.

ಹಾಗಾಗಿ ಜಾಲಿಗೆ ಕೈ ಹಾಕಿದೆ. ಮಾರ್ಚ್‌ನಲ್ಲಿ ಬುಡಕ್ಕೆ ಕಡಿಸಿದೆ. ಜೂನ್ ಹೊತ್ತಿಗೆ ಒಂದೊಂದು ಬೊಡ್ಡೆಯಿಂದ ಹತ್ತು ಹನ್ನೆರಡು ಚಿಗುರು. ಕಡಿದರೆ ಅದಕ್ಕೆ ಕ್ಷೌರ ಮಾಡಿದಂತೆ, ಅಷ್ಟೇ. ಕಾಂಡವೂ ಬೇರೂ ಕೂಡುವ ಗಂಟಿನಲ್ಲಿ ಮೊಗ್ಗುಗಳಿರುತ್ತವೆ. ಒಂದು ಅಡಿ ಆಳಕ್ಕೆ ಅಗೆದು, ಗಂಟಿನ ಕೆಳಗೆ ಬೇರು ಕತ್ತರಿಸಿ, ಗಂಟನ್ನೇ ಹೊರಗೆಳೆಯಬೇಕು. ಒಣ ಮೊರಂನಲ್ಲಿ ಹಾರೆ ಚಿಮ್ಮುತ್ತದೆ; ಎರಡು ಮಳೆ ಬಿದ್ದ ಮೇಲೆ ಅಗೆದರೆ ಅರ್ಧ ಶ್ರಮ ಉಳಿಯುತ್ತದೆ. ಕಟ್ಟಿಗೆ ಮಾರಿದ ಹಣ ಕೂಲಿಯ ಒಂದು ಭಾಗಕ್ಕೆ ಆಯಿತು. ಚಪ್ಪಲಿ ದಾಟಿ ಅಂಗಾಲಿಗೆ ಇಳಿದ ಮುಳ್ಳುಗಳ ಲೆಕ್ಕ ಬೇರೆ. ಬಾರಿ ಹಣ್ಣಿನ ಗಿಡ ಒಂದು, ಮುತ್ತುಗ ಎರಡು ಮಾತ್ರ ಉಳಿಸಿಕೊಂಡೆ. ಇದು ಪಟ್ಟಾ ಜಮೀನು, ನಡೆಯಿತು. ಗೋಮಾಳದಲ್ಲಾಗಲಿ ಅರಣ್ಯ ಭೂಮಿಯಲ್ಲಾಗಲಿ ಅನುಮತಿ ಇಲ್ಲದೆ ಹಾರೆ ಎತ್ತಬಾರದು.

ಹುಲ್ಲನ್ನು ಕೊಂಡು ತರಲಿಲ್ಲ. ಬದುಗಳಲ್ಲಿ ಬೀಜ ಕಟ್ಟಿ ನಿಂತಿದ್ದ ಹುಲ್ಲನ್ನು ಕೊಯ್ದು ಇಟ್ಟುಕೊಂಡು, ಮಳೆಗೆ ಮುಂಚೆ ಹರಡಿದೆ. ಈಟಿಯಂಥ ಊಬಿರುವ ಹುಲ್ಲೊಂದಿದೆ, ಧೋತಿಗೆ ಚುಚ್ಚಿಕೊಂಡು ಜೀವ ತಿನ್ನುವಂಥದ್ದು. ಅದರ ಒಂದು ಬೀಜವನ್ನು ಅಂಗೈ ಮೇಲಿಟ್ಟು ಹನಿ ನೀರು ಬಿಡಿ: ಊಬು ಹುರಿ ಬಿಚ್ಚಿ ಗಿರಗಿರನೆ ತಿರುಗುತ್ತದೆ. ಮಣ್ಣಿನಲ್ಲಿ ಅದು ಹೀಗೆಯೇ ತನ್ನನ್ನು ತಾನು ಬಿತ್ತಿಕೊಳ್ಳುತ್ತದೆ. ಡಿಸೆಂಬರ್‌ನಲ್ಲಿ ಕೊಯ್ಯುವಾಗ ಮೂರರಲ್ಲೊಂದು ಪಾಲು ಹಾಗೆಯೇ ಬಿಡುತ್ತೇನೆ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಬರುವ ಸೆಳೆವ ಎಂಬ ಬೇಟೆಹಕ್ಕಿಗಳು ಹುಲ್ಲಿನ ನಡುವೆ ನೆಲದ ಮೇಲೆಯೇ ರಾತ್ರಿ ಕಳೆಯುತ್ತವೆ.

ಮೂರನೇ ವರ್ಷ ಚಿಗರಿ ಬಂದವು. ಒಂದು ದಿನ ಹುಲ್ಲು ಕೊಯ್ಯುವವರೊಬ್ಬರು ಮರಿಯೊಂದನ್ನು ಟವೆಲಿನಲ್ಲಿ ಸುತ್ತಿ, ತಬ್ಬಲಿ ಎಂದು ಎತ್ತಿ ತಂದರು. ತಬ್ಬಲಿಯಲ್ಲ. ಹುಟ್ಟಿದ ಮೊದಲ ಕೆಲವು ದಿನ ಮರಿ ಹುಲ್ಲಿನಲ್ಲಿ ಅಡಗಿ ಮಲಗುತ್ತದೆ, ತಾಯಿ ಆಗಾಗ ಬಂದು ಹಾಲೂಡಿಸಿ ಹೋಗುತ್ತದೆ. ಎತ್ತಿದ ಜಾಗದಲ್ಲೇ ಇಡಿಸಿ, ದೂರದ ಬದುವಿನ ಮೇಲೆ ಕುಳಿತೆವು. ಹೊತ್ತು ಮುಳುಗುವಾಗ ತಾಯಿ ಬಂತು. ಮನೆಯಲ್ಲಿ ಸಾಕಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧವೂ ಆಗುತ್ತಿತ್ತು.

ತಮಾಷೆ ಏನೆಂದರೆ, ಜಾಲಿಯ ಸಿಹಿ ಕಾಯಿ ತಿಂದು ಬೀಜ ಹಂಚುವವರಲ್ಲಿ ಚಿಗರಿಯೂ ಒಂದು. ಗಂಡು ತನ್ನ ಸರಹದ್ದಿನಲ್ಲಿ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಮಳೆ ಬಂದ ವಾರಕ್ಕೆ ಆ ಗುಡ್ಡೆಯಲ್ಲೇ ಜಾಲಿಯ ಸಸಿಗಳು ಎದ್ದಿರುತ್ತವೆ. ಆಗ ಎರಡು ಬೆರಳಲ್ಲಿ ಕಿತ್ತರೆ ಬರುತ್ತವೆ, ವರ್ಷ ಬಿಟ್ಟರೆ ಹಾರೆಯೇ ಬೇಕು.

ಪಕ್ಕದ ಹೊಲದವರಿಗೆ ಇದೆಲ್ಲ ಹಿಡಿಸಿಲ್ಲ. "ನಿಮ್ಮ ಚಿಗರಿ ನನ್ನ ಹೆಸರು ಕೆಡಿಸಿದವು" ಎಂದು ಹೋದ ಮುಂಗಾರಿನಲ್ಲಿ ಬಂದು ನಿಂತರು. ನಗು ಬಂದರೂ ತಡೆದುಕೊಂಡೆ. ಕಾಲು ಎಕರೆ ಮೊಳಕೆ ನಿಜಕ್ಕೂ ಹೋಗಿತ್ತು. ಹಿಂಗಾರಿ ಜೋಳಕ್ಕಾದರೆ ಸುತ್ತ ಕುಸುಬೆಯ ಸಾಲು ಹಾಕಿದರೆ ಮುಳ್ಳು ಸ್ವಲ್ಪ ತಡೆಯುತ್ತದೆ. ಹೆಸರಿಗೆ ಅಂಥ ಉಪಾಯ ನನಗೆ ಸಿಕ್ಕಿಲ್ಲ. ಸದ್ಯಕ್ಕೆ ಎರಡು ಬಂಡಿ ಹುಲ್ಲು ಕೊಟ್ಟು ರಾಜಿಯಾಗಿದ್ದೇನೆ.