ಗುದ್ದಿದ ಗಾಡಿ, ನೋಡಿದ ನಾವು: ಮೊದಲ ನಿಮಿಷದಿಂದ ಕೋರ್ಟಿನವರೆಗೆ

ಬೆಳಿಗ್ಗೆ ಐದೂಮುಕ್ಕಾಲು. ಮುಂಬೈಯ ಘಾಟ್‌ಕೋಪರ್‌ನಲ್ಲಿ ಮಾವನ ಹೋಟೆಲಿನ ಶಟರ್ ಅರ್ಧ ಎತ್ತಿದ್ದೆವು. ಹಾಲಿನ ಕ್ರೇಟ್ ತರಲು ರಸ್ತೆ ದಾಟುತ್ತಿದ್ದ ಶೀನನಿಗೆ ಬಿಳಿ ಕಾರೊಂದು ಗುದ್ದಿತು. ಹತ್ತು ಹೆಜ್ಜೆ ಮುಂದೆ ಹೋಗಿ ನಿಂತಿತು. ಬ್ರೇಕ್ ಲೈಟ್ ಕೆಂಪಗೆ ಉರಿಯುತ್ತಿತ್ತು. ಇಳಿಯುತ್ತಾನೆ ಅಂದುಕೊಂಡೆವು. ಲೈಟ್ ಆರಿತು, ಕಾರು ಹೋಯ್ತು.

ನೋಡಿದವರು ಐದು ಜನ. ಕೊನೆಯ ಅಂಕಿ ಏಳು ಅಂತ ನಾನು, ಒಂದು ಅಂತ ಪಾನ್ ಟಪರಿಯವನು. ಪೇಪರ್ ಹಾಕುವ ಹುಡುಗ ಮಾತ್ರ ನಂಬರ್ ಸುದ್ದಿಗೇ ಹೋಗಲಿಲ್ಲ. ‘ಹಿಂದಿನ ಗಾಜಿನ ಮೇಲೆ ಆಯೀಚಾ ಆಶೀರ್ವಾದ ಅಂತ ಸ್ಟಿಕರ್ ಇತ್ತು, ಅರ್ಧ ಕಿತ್ತುಹೋಗಿತ್ತು’ ಅಂದ. ಹನ್ನೆರಡು ದಿನದ ಮೇಲೆ ಕಾರು ಸಿಕ್ಕಿದ್ದು ಆ ಸ್ಟಿಕರಿನಿಂದಲೇ.

ಅವತ್ತು ನಾವು ಮಾಡಿದ್ದಕ್ಕಿಂತ ಎಡವಿದ್ದೇ ಜಾಸ್ತಿ. ಕೆಳಗಿರುವುದು ಹಾಗೆ ಎಡವಿ ಕಲಿತದ್ದು.

1. ಮೊದಲು ಬಿದ್ದವನು

ಒಬ್ಬರು 108ಕ್ಕೆ, ಇನ್ನೊಬ್ಬರು 112ಕ್ಕೆ ಫೋನ್ ಮಾಡಿ. ಎಲ್ಲರೂ ಒಟ್ಟಿಗೆ ಫೋನ್ ಹಿಡಿದು ನಿಂತರೆ ಒಬ್ಬರೂ ಮಾಡಿರುವುದಿಲ್ಲ, ಇದು ಕಣ್ಣಾರೆ ಕಂಡದ್ದು. ‘ನೀನು ಮಾಡು’ ಅಂತ ಬೆರಳು ತೋರಿಸಿ ಹೇಳಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಕೂಡ ಇದೆ. ಗಾಯಾಳುವಿನ ಕೈಕಾಲು ಹಿಡಿದು ಎತ್ತಬೇಡಿ, ಕತ್ತಿಗೆ ಪೆಟ್ಟಾಗಿರಬಹುದು. ಬಾಯಿಗೆ ನೀರು ಹಾಕಬೇಡಿ. ಹಿಂದಿನಿಂದ ಬರುವ ಗಾಡಿಗಳನ್ನು ತಡೆಯಲು ಯಾರಾದರೂ ನಿಲ್ಲಲಿ. ನಾವು ಹೋಟೆಲಿನ ಎರಡು ಸ್ಟೂಲ್ ಅಡ್ಡ ಇಟ್ಟೆವು, ಅದೊಂದು ಬುದ್ಧಿ ಹೊಳೆದಿತ್ತು.

2. ನಂಬರನ್ನು ಜೋರಾಗಿ ಹೇಳಿ

ಮನಸ್ಸಿನಲ್ಲಿಟ್ಟುಕೊಂಡರೆ ಎರಡೇ ನಿಮಿಷದಲ್ಲಿ ಅಂಕಿ ಬದಲಾಗುತ್ತದೆ. ಬಾಯಿಬಿಟ್ಟು ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಇಲ್ಲಾ ಸಿಕ್ಕಿದ ಚೀಟಿಯಲ್ಲಿ ಬರೆಯಿರಿ. ನಾನು ಬರೆದದ್ದು ಬಿಲ್ ಪುಸ್ತಕದ ಹಾಳೆಯ ಹಿಂದೆ. ಮಹಾರಾಷ್ಟ್ರದ ಪ್ಲೇಟಿನಲ್ಲಿ ಎಂಎಚ್ 01 ತಾಡ್‌ದೇವ್, 02 ಅಂಧೇರಿ, 47 ಬೋರಿವಲಿ, 12 ಪುಣೆ ಅನ್ನುವುದು ಇಲ್ಲಿ ಇರುವವರಿಗೆ ಬಾಯಿಪಾಠ. ಆದರೆ ಗಾಡಿ ಹುಡುಕುವುದು ನಡುವಿನ ಅಕ್ಷರ ಮತ್ತು ಕೊನೆಯ ನಾಲ್ಕು ಅಂಕಿಯಿಂದ. ಕಣ್ಣು ಅಲ್ಲಿಗೇ ಹೋಗಲಿ.

ನಂಬರ್ ಸಿಗದಿದ್ದರೆ ಬಣ್ಣ, ಯಾವ ಗಾಡಿ, ಪ್ಲೇಟ್ ಹಳದಿಯೋ ಬಿಳಿಯೋ, ಯಾವ ಕಡೆ ಒಡೆದಿದೆ, ಮೇಲೆ ಕ್ಯಾರಿಯರ್ ಇತ್ತೇ, ಏನು ಸ್ಟಿಕರ್, ಇಷ್ಟು ಬರೆಯಿರಿ. ಅಂದಾಜಿನಿಂದ ಅಂಕಿ ತುಂಬಬೇಡಿ. ‘ಕೊನೆಯದು ಏಳೋ ಒಂದೋ’ ಎಂದು ಬರೆದರೆ ಹುಡುಕಬಹುದು. ಸುಮ್ನೆ ಏಳು ಅಂತ ಬರೆದು ತಪ್ಪಾದರೆ ಪೊಲೀಸರು ಹೋಗುವುದು ಯಾರದೋ ಮನೆಗೆ.

3. ಡ್ರೈವರ್ ಸಿಕ್ಕಿದರೆ ಹೊಡೆಯಬೇಡಿ

ಇದನ್ನು ಹೇಳಿದರೆ ನಮ್ಮ ಬೀದಿಯಲ್ಲಿ ಯಾರಿಗೂ ಹಿಡಿಸುವುದಿಲ್ಲ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗುದ್ದಿದ ಡ್ರೈವರ್ ಗಾಯಾಳುವಿಗೆ ಚಿಕಿತ್ಸೆ ಕೊಡಿಸಲೇಬೇಕು. ಆದರೆ ಅದೇ ಕಲಮಿನಲ್ಲಿ ಒಂದು ಸಂದಿಯೂ ಇದೆ: ಜನ ರೊಚ್ಚಿಗೆದ್ದು ಅದು ಸಾಧ್ಯವಾಗದಿದ್ದರೆ ವಿನಾಯಿತಿ. ಅಂದರೆ ನೀವು ಕೊಟ್ಟ ಒಂದೊಂದು ಏಟೂ ಅವನ ವಕೀಲರಿಗೆ ಒಂದೊಂದು ಸಾಲು. ಜೊತೆಗೆ ನಿಮ್ಮ ಮೇಲೊಂದು ಕೇಸು.

ಅದರ ಬದಲು ಸ್ಟೇರಿಂಗ್ ಹಿಂದೆ ಯಾರು ಕೂತಿದ್ದರು ಅನ್ನುವುದನ್ನು ಹಿಡಿದಿಡಿ. ಅವನು ಇಳಿಯುವ ಮೊದಲೇ ಫೋಟೋ ತೆಗೆಯಿರಿ, ಪಕ್ಕದಲ್ಲಿ ಯಾರಿದ್ದರು ನೋಡಿ, ಬಾಯಿಂದ ವಾಸನೆ ಬಂದರೆ ಬಂದ ಪೊಲೀಸರಿಗೆ ಹೇಳಿ. ಪುಣೆಯ ಕಲ್ಯಾಣಿ ನಗರದಲ್ಲಿ 2024ರ ಮೇ 19ರ ನಸುಕಿನಲ್ಲಿ ಪೋರ್ಷೆ ಕಾರು ಗುದ್ದಿ ಬೈಕಿನಲ್ಲಿದ್ದ ಇಬ್ಬರು ಇಂಜಿನಿಯರುಗಳು ಸತ್ತರಲ್ಲ, ಅಲ್ಲಿ ಹದಿನೇಳರ ಹುಡುಗನನ್ನು ಹಿಡಿದು ಪೊಲೀಸರಿಗೆ ಕೊಟ್ಟವರು ದಾರಿಹೋಕರೇ. ಏಟೂ ಬಿದ್ದಿತ್ತು. ಆಮೇಲೆ ಏನಾಯ್ತು? ರಕ್ತದ ಸ್ಯಾಂಪಲ್ ಬದಲಿಸಿದ ಆರೋಪದಲ್ಲಿ ವೈದ್ಯರು ಅರೆಸ್ಟ್ ಆದರು. ಹುಡುಗನ ಮನೆಯವರು ತಮ್ಮ ಡ್ರೈವರ್ ತಲೆಗೆ ತಪ್ಪು ಕಟ್ಟಲು ನೋಡಿದರು ಅನ್ನುವ ಆರೋಪವೂ ಬಂತು. ಏಟಿನ ಗುರುತು ವಾರದಲ್ಲಿ ಮಾಯುತ್ತದೆ. ಚಾಲಕನ ಸೀಟಿನಿಂದ ಇಳಿದವನು ಇವನೇ ಎಂದು ತೋರಿಸುವ ಫೋಟೋ ಹಾಗೆ ಮಾಯುವುದಿಲ್ಲ. ಕುಡಿದಿದ್ದನೇ ಎಂದು ಕಾನೂನು ನೋಡುವುದು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದೆಯೇ ಎಂದು. ಹೊತ್ತು ಕಳೆದಷ್ಟೂ ಆ ಅಂಕಿ ಇಳಿಯುತ್ತದೆ. ಹಾಗಾಗಿ ‘ಸಾಹೇಬ್, ಟೆಸ್ಟ್ ಯಾವಾಗ?’ ಎಂದು ಅಲ್ಲೇ ಕೇಳಿ.

4. ಆಸ್ಪತ್ರೆಯಲ್ಲಿ

‘ನಮಗ್ಯಾಕೆ ಮಾರಾಯ ಪೊಲೀಸ್ ಉಸಾಬರಿ’ ಅಂತ ನನ್ನ ಮಾವ ಅವತ್ತು ಮೂರು ಸಲ ಅಂದರು. ಅವರದ್ದು ಹಳೆಯ ಕಾಲದ ಹೆದರಿಕೆ. ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲೇ ಸಹಾಯ ಮಾಡಿದವರ ರಕ್ಷಣೆಯ ನಿಯಮಗಳನ್ನು ಪಾಲಿಸಲೇಬೇಕು ಎಂದಿದೆ. 2019ರ ತಿದ್ದುಪಡಿಯಲ್ಲಿ ಅದು 134ಎ ಕಲಂ ಆಗಿ ಕಾಯ್ದೆಗೂ ಬಂತು. ಗಾಯಾಳುವನ್ನು ಸೇರಿಸಿ ನೀವು ಹೊರಟುಬಿಡಬಹುದು. ಹೆಸರು, ವಿಳಾಸ ಹೇಳಲೇಬೇಕೆಂದಿಲ್ಲ. ದುಡ್ಡು ಕಟ್ಟಿ ಎಂದು ನಿಮ್ಮನ್ನು ಕೇಳುವಂತಿಲ್ಲ. 2025ರ ಕೇಂದ್ರದ ಯೋಜನೆಯಲ್ಲಿ, ಅದಕ್ಕೆ ಸೇರಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷದ ತನಕ ನಗದಿಲ್ಲದೆ ಚಿಕಿತ್ಸೆ ಸಿಗುತ್ತದೆ. ಕೌಂಟರಿನಲ್ಲಿ ಕೇಳದೆ ಯಾರೂ ಹೇಳುವುದಿಲ್ಲ, ಕೇಳಿ.

5. ಸಿಸಿಟಿವಿ, ಅವತ್ತೇ

ಅಂಗಡಿಗಳ ಡಿವಿಆರ್, ಅಂದರೆ ಕ್ಯಾಮೆರಾದ ವಿಡಿಯೋ ಉಳಿಸುವ ಪೆಟ್ಟಿಗೆ, ಕೆಲವೇ ದಿನದಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತದೆ. ನಾವು ಎದುರಿನ ಮೆಡಿಕಲ್ ಸ್ಟೋರಿಗೆ ಹೋದದ್ದು ಮೂರನೇ ವಾರ. ಏನೂ ಉಳಿದಿರಲಿಲ್ಲ. ಹೌಸಿಂಗ್ ಸೊಸೈಟಿಯ ವಾಚ್‌ಮನ್ ಒಳ್ಳೆಯವನು, ಕಾರ್ಯದರ್ಶಿಯ ಒಪ್ಪಿಗೆ ಪಡೆದು ಮೊದಲ ದಿನವೇ ತೋರಿಸಿದ್ದ. ಆದರೆ ಅಲ್ಲಿ ಗಡಿಯಾರ ಇಪ್ಪತ್ತೆರಡು ನಿಮಿಷ ಮುಂದಿತ್ತು! ಹೀಗಿದ್ದಾಗ ಡಿವಿಆರ್ ಪರದೆಯ ಪಕ್ಕ ನಿಮ್ಮ ಮೊಬೈಲಿನ ಗಡಿಯಾರ ಹಿಡಿದು ಎರಡೂ ಕಾಣುವಂತೆ ಒಂದು ಫೋಟೋ ತೆಗೆಯಿರಿ. ನಿಮ್ಮದೇ ವಿಡಿಯೋ ಇದ್ದರೆ ಫೋನಿನಲ್ಲಿರುವ ಮೂಲವನ್ನು ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿದ್ದು ಕುಗ್ಗಿದ ಪ್ರತಿ. ಕೋರ್ಟಿಗೆ ಹೋಗುವ ವಿಡಿಯೋಗೆ ಈಗಿನ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು.

ರಸ್ತೆಯಲ್ಲಿ ಬಿದ್ದ ಕನ್ನಡಿಯ ಚಿಪ್ಪು, ಇಂಡಿಕೇಟರ್ ಚೂರು, ಬಣ್ಣದ ಸಿಪ್ಪೆ, ಗಾಯಾಳುವಿನ ಚಪ್ಪಲಿ, ಇದ್ದಲ್ಲೇ ಇರಲಿ. ಫೋಟೋ ತೆಗೆದು ಸುತ್ತ ಸುಣ್ಣದ ಗೆರೆ ಎಳೆಯಿರಿ. ನಮ್ಮಲ್ಲಿ ಒಬ್ಬರು ರಸ್ತೆ ಚೊಕ್ಕಟ ಮಾಡೋಣವೆಂದು ಎಲ್ಲ ಗುಡಿಸಿ ಕಸದ ಡಬ್ಬಿಗೆ ಹಾಕಿದ್ದರು. ಪಂಚನಾಮೆಗೆ ಬಂದ ಹವಾಲ್ದಾರರಿಗೆ ನಾನು ಡಬ್ಬಿ ತೋರಿಸಿದೆ. ಅವರು ನನ್ನ ಮುಖ ನೋಡಿದರು.

6. ಹೇಳಿಕೆ ಕೊಡುವಾಗ

ಸಾಕ್ಷಿಯಾಗಲು ಒಪ್ಪಿದರೆ ನಿಮ್ಮನ್ನು ಒಂದೇ ಸಲ ವಿಚಾರಿಸಬೇಕು, ನಿಮಗೆ ಅನುಕೂಲವಾದ ಜಾಗದಲ್ಲಿ. ಮನೆಗೋ ಅಂಗಡಿಗೋ ಬರುವ ಅಧಿಕಾರಿ ಸಮವಸ್ತ್ರದಲ್ಲಿ ಬರುವಂತಿಲ್ಲ. ಮರಾಠಿ ಬಾರದವರಿಗೆ ದುಭಾಷಿಯನ್ನು ಅವರೇ ಕೊಡಬೇಕು. ಊರಿಂದ ಹೊಸದಾಗಿ ಬಂದ ನಮ್ಮ ಹುಡುಗರಿಗೆ ಇದನ್ನು ಹೇಳಿಕೊಡಿ, ಅವರು ಅರ್ಥವಾಗದಿದ್ದರೂ ‘ಹೋ ಸಾಹೇಬ್’ ಎಂದು ತಲೆ ಆಡಿಸುತ್ತಾರೆ.

ದೂರು ಕೊಟ್ಟವರು ಎಫ್‌ಐಆರ್‌ಗೆ ಸಹಿ ಹಾಕಬೇಕು, ಪ್ರತಿ ಉಚಿತ. ಸಹಿಗೆ ಮೊದಲು ‘ವಾಚೂನ್ ದಾಖವಾ’ ಅನ್ನಿ, ಓದಿ ಹೇಳುವುದು ಅವರ ಕೆಲಸವೇ. ಆದರೆ ಸಾಕ್ಷಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಬೇಕಿಲ್ಲ. ಖಾಲಿ ಹಾಳೆಗಂತೂ ಯಾರು ಕೇಳಿದರೂ ಹಾಕಬೇಡಿ. ‘ನಮ್ಮ ಹದ್ದಿಗೆ ಬರಲ್ಲ’ ಎಂದರೆ ಝೀರೋ ಎಫ್‌ಐಆರ್ ಮಾಡಿ ಅನ್ನಿ, ಅಂದರೆ ಹದ್ದು ಯಾರದ್ದಾದರೂ ಇಲ್ಲೇ ಬರೆದುಕೊಳ್ಳಿ ಅಂತ.

7. ಪರಿಹಾರ

ಗಾಡಿ ಗೊತ್ತಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಕಾಯ್ದೆ ಹಾಕಿದ ಗಡುವು ಆರು ತಿಂಗಳು. ಗಾಡಿ ಯಾವುದೆಂದು ಗೊತ್ತಾಗದಿದ್ದರೆ ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ ರೂಪಾಯಿ.

ಶೀನನ ಎಡಗಾಲಿಗೆ ರಾಡ್ ಹಾಕಿದ್ದಾರೆ. ಈಗ ಗಲ್ಲಾದಲ್ಲಿ ಕೂರುತ್ತಾನೆ. ಕೇಸು ಇನ್ನೂ ನಡೆದಿದೆ. ಸಮನ್ಸ್ ಬಂದಾಗಲೆಲ್ಲ ಅವನೇ ಡ್ರಾಯರ್ ಎಳೆದು, ಅಡಿಯಿಂದ ಆ ಬಿಲ್ ಹಾಳೆ ತೆಗೆದು ನನ್ನ ಕೈಗೆ ಕೊಡುತ್ತಾನೆ. ಒಂದು ಕಡೆ ಎರಡು ಇಡ್ಲಿ, ಒಂದು ಕಾಫಿ. ಇನ್ನೊಂದು ಕಡೆ ನಂಬರ್, ಕೊನೆಯಲ್ಲಿ ನನ್ನ ಅಕ್ಷರದಲ್ಲಿ ‘7? 1?’.