ಭತ್ತದ ಕಾಳಿನಲ್ಲಿ ಮನುಷ್ಯರ ಪ್ರೋಟೀನ್ ಬೆಳೆಸೋದು ಹೇಗೆ?

ತೀರ್ಥಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಪಣತಕ್ಕೆ ತುಂಬಿದ ಭತ್ತ ವರ್ಷವಾದರೂ ಕೆಡೋದಿಲ್ಲ, ಅಲ್ವಾ? ಔಷಧಿಗೆ ಬೇಕಾದ ಮನುಷ್ಯರ ಪ್ರೋಟೀನ್ ಬೆಳೆಸೋಕೆ ಬೀಜ ಆರಿಸೋದೂ ಅದಕ್ಕೇ. ಹಸಿ ಎಲೆಯಲ್ಲಿ ಪ್ರೋಟೀನ್ ಬೇಗ ಹಾಳಾಗುತ್ತದೆ, ಒಣ ಕಾಳಿನಲ್ಲಿ ಫ್ರಿಜ್ ಇಲ್ಲದೆಯೂ ಬಹಳ ದಿನ ಉಳಿಯುತ್ತದೆ.

ಪ್ರೋಟೀನ್ ಆಯ್ಕೆಯಲ್ಲೇ ಅರ್ಧ ಕೆಲಸ ಇದೆ. ಎಷ್ಟೋ ಪ್ರೋಟೀನಿಗೆ ಸಕ್ಕರೆ ಅಂಟಿರಬೇಕು, ಆದರೆ ಗಿಡ ಅಂಟಿಸುವ ಸಕ್ಕರೆ ನಮ್ಮ ದೇಹ ಅಂಟಿಸುವುದಕ್ಕಿಂತ ಬೇರೆ. ನಮ್ಮ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಆ ಸಕ್ಕರೆಯೇ ಬೇಡ, ಹಾಗಾಗಿ ಶುರುಮಾಡೋಕೆ ಅದು ಒಳ್ಳೇದು. ಅದರ ಜೀನನ್ನು ಭತ್ತಕ್ಕೆ ಒಗ್ಗುವ ಕೋಡಾನ್‌ಗಳಲ್ಲಿ (ಜೀನಿನ ಮೂರಕ್ಷರದ ಪದಗಳು) ಮಾಡಿಸಿ, ಮುಂದೆ ಭತ್ತದ ಕಾಳಿನದೇ ಪ್ರೋಟೀನಾದ ಗ್ಲುಟೆಲಿನ್‌ನ ಪ್ರೊಮೋಟರ್ ಜೋಡಿಸಿ; ಅದು ಕಾಳಿನಲ್ಲಿ ಮಾತ್ರ ಆನ್ ಆಗುವ ಸ್ವಿಚ್ಚು, ಬೇರು ಎಲೆಗಳಿಗೆ ಸುಮ್ನೆ ಹೊರೆ ಬೀಳೋದಿಲ್ಲ. ಸಿಗ್ನಲ್ ಪೆಪ್ಟೈಡ್ ಮರೀಬೇಡಿ. ಪ್ರೋಟೀನನ್ನು ಜೀವಕೋಶದ ಉಗ್ರಾಣಕ್ಕೆ ತಲುಪಿಸುವ ವಿಳಾಸದ ಚೀಟಿ ಅದು.

ಆಮೇಲೆ ಈ ಜೀನನ್ನು, ಹೈಗ್ರೊಮೈಸಿನ್ ಎಂಬ ಆಂಟಿಬಯೋಟಿಕ್ ತಡೆಯುವ ಇನ್ನೊಂದು ಜೀನಿನ ಜೊತೆ, ಗಿಡಕ್ಕೆ ಜೀನ್ ದಾಟಿಸುವ ಬ್ಯಾಕ್ಟೀರಿಯಾ ಅಗ್ರೋಬ್ಯಾಕ್ಟೀರಿಯಂ ಮೂಲಕ ಭತ್ತದ ಕ್ಯಾಲಸ್‌ಗೆ (ಗಿಡವಾಗಿ ಬೆಳೆಯಬಲ್ಲ ಜೀವಕೋಶಗಳ ಗಡ್ಡೆ) ಸೇರಿಸಿ, ಹೈಗ್ರೊಮೈಸಿನ್‌ನಲ್ಲಿ ಬದುಕಿದ್ದನ್ನು ಗಿಡ ಮಾಡಿ. ಎಲ್ಲ ಗಿಡವೂ ಒಂದೇ ಸಮ ಪ್ರೋಟೀನ್ ಕೊಡೋದಿಲ್ಲ. ಕಾಳು ಪುಡಿ ಮಾಡಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ಎಲೈಸಾ ಟೆಸ್ಟ್ ನಡೆಸಿ, ಜಾಸ್ತಿ ಇರುವ ಗಿಡದ ಬೀಜವನ್ನೇ ಮುಂದಿನ ತಲೆಮಾರಿಗೆ ಇಟ್ಟುಕೊಳ್ಳಿ.

ಇದು ನಡೆಯುತ್ತಾ ಅಂದರೆ, ಚೀನಾದ ವುಹಾನ್ ವಿಶ್ವವಿದ್ಯಾಲಯದವರು 2011ರಲ್ಲಿ ಒಂದು ಕಿಲೋ ಪಾಲಿಶ್ ಮಾಡದ ಅಕ್ಕಿಯಿಂದ ಸುಮಾರು 2.75 ಗ್ರಾಂ ಆಲ್ಬುಮಿನ್ ತೆಗೆದು ತೋರಿಸಿದ್ದಾರೆ. ದುಡ್ಡು ತಿನ್ನೋದು ಮಾತ್ರ ಶುದ್ಧೀಕರಣವೇ.

ಗದ್ದೆಗೆ ಇಳಿಸೋ ಯೋಚನೆ ಈಗಲೇ ಬೇಡ. ಭತ್ತ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಳು ಕಟ್ಟುತ್ತೆ ನಿಜ, ಆದರೆ ನಮ್ಮಲ್ಲಿ ಪಕ್ಕದವರ ಗದ್ದೆಗೂ ನಮ್ಮದಕ್ಕೂ ನಡುವೆ ಇರೋದು ಒಂದು ಬದು. ಲ್ಯಾಬಿಗೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಪಡೆದು, ಮುಚ್ಚಿದ ಗ್ರೀನ್‌ಹೌಸಿನಲ್ಲೇ ಬೆಳೆಸಿ.