ಕ್ರುಸ್ಕಲ್ ನಕ್ಷೆ ಬರೆದು ಕೃಷ್ಣರಂಧ್ರ, ಶ್ವೇತರಂಧ್ರಗಳ ದೇಶಕಾಲವನ್ನು ಓದುವ ಬಗೆ

ಕೃಷ್ಣರಂಧ್ರದ ಬಗ್ಗೆ ಎಷ್ಟು ಓದಿದರೂ ಅದರೊಳಗೆ ದೇಶ ಮತ್ತು ಕಾಲಗಳು ಹೇಗೆ ಹೆಣೆದುಕೊಂಡಿವೆ ಎಂಬುದು ಮನಸ್ಸಿಗೆ ಹಿಡಿಯದೇ ಹೋದರೆ, ಒಂದು ಗ್ರಾಫ್ ಹಾಳೆ ಮತ್ತು ಪೆನ್ಸಿಲ್ ಹಿಡಿದು ಕ್ರುಸ್ಕಲ್ ನಕ್ಷೆಯನ್ನು ಸ್ವತಃ ಬರೆದು ನೋಡಬೇಕು. ಪಿಯುಸಿ ಮಟ್ಟದ ಗಣಿತ ಇದಕ್ಕೆ ಸಾಕು. ಇಲ್ಲಿ ತೆಗೆದುಕೊಳ್ಳುವುದು ತಿರುಗದ, ವಿದ್ಯುದಾವೇಶವಿಲ್ಲದ, ಅತ್ಯಂತ ಸರಳವಾದ ಕೃಷ್ಣರಂಧ್ರವನ್ನು.

ಇದರ ಜ್ಯಾಮಿತಿಯನ್ನು ಕಾರ್ಲ್ ಶ್ವಾರ್ಜ್‌ಶೀಲ್ಡ್ 1916ರಲ್ಲಿ ಪ್ರಕಟಿಸಿದರು. ಅವರ ಹೆಸರಿನ ತ್ರಿಜ್ಯ ಸೂರ್ಯನಷ್ಟು ದ್ರವ್ಯರಾಶಿಗೆ ಸುಮಾರು 3 ಕಿಲೋಮೀಟರ್, ಭೂಮಿಯಷ್ಟಕ್ಕೆ ಸುಮಾರು 9 ಮಿಲಿಮೀಟರ್. ಆ ತ್ರಿಜ್ಯದಲ್ಲಿ, ಅಂದರೆ ದಾಟಿ ಒಳಹೊಕ್ಕರೆ ಮರಳಿ ಬರಲಾಗದ ಗಡಿಯಾದ ಘಟನಾ ದಿಗಂತದಲ್ಲಿ, ಶ್ವಾರ್ಜ್‌ಶೀಲ್ಡ್ ಸೂತ್ರದ ಒಂದು ಪದ ಅನಂತವಾಗುತ್ತದೆ. ಉತ್ತರ ಧ್ರುವದಲ್ಲಿ ರೇಖಾಂಶಗಳೆಲ್ಲ ಒಂದೇ ಬಿಂದುವಿಗೆ ಬಂದು ಸೇರಿದರೂ ಅಲ್ಲಿನ ನೆಲಕ್ಕೆ ಏನೂ ಆಗಿರುವುದಿಲ್ಲವಲ್ಲ, ಹಾಗೆಯೇ ಇದು ನಿರ್ದೇಶಾಂಕಗಳ ದೋಷವೇ ಹೊರತು ದೇಶಕಾಲದ ದೋಷವಲ್ಲ ಎಂದು ಬೆಲ್ಜಿಯಂನ ಭೌತವಿಜ್ಞಾನಿ ಜಾರ್ಜ್ ಲೆಮೆತ್ರ್ 1933ರಲ್ಲೇ ತೋರಿಸಿದ್ದರು. ಮಾರ್ಟಿನ್ ಕ್ರುಸ್ಕಲ್ ಮತ್ತು ಜಾರ್ಜ್ ಸೆಕೆರೆಶ್ ಬೇರೆ ಬೇರೆಯಾಗಿ ಕಂಡುಕೊಂಡು 1960ರಲ್ಲಿ ಪ್ರಕಟಿಸಿದ ನಿರ್ದೇಶಾಂಕಗಳು ಇಡೀ ಜ್ಯಾಮಿತಿಯನ್ನು ಒಂದೇ ಹಾಳೆಯಲ್ಲಿ ಬರೆಯಲು ಅನುವು ಮಾಡಿಕೊಟ್ಟವು. ಬೆಂಗಳೂರಿನವರೇ ಆದ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರು ಶ್ವಾರ್ಜ್‌ಶೀಲ್ಡ್ ಕೃಷ್ಣರಂಧ್ರವನ್ನು ಸ್ವಲ್ಪ ಕದಲಿಸಿದರೂ ಅದು ಕುಲಗೆಟ್ಟು ಹೋಗದೆ ಸ್ಥಿರವಾಗಿಯೇ ಉಳಿಯುತ್ತದೆ ಎಂದು 1970ರಲ್ಲಿ ತೋರಿಸುವಾಗ ದಿಗಂತದ ಬಳಿಯ ವರ್ತನೆಯನ್ನು ಪರೀಕ್ಷಿಸಿದ್ದು ಇದೇ ನಿರ್ದೇಶಾಂಕಗಳಲ್ಲಿ.

ಈಗ ನಕ್ಷೆ. ಅಡ್ಡ ಅಕ್ಷವನ್ನು 'ದ' ಎಂದೂ ಮೇಲ್ಮುಖವಾದ ಕಾಲದ ಅಕ್ಷವನ್ನು 'ಕ' ಎಂದೂ ಕರೆಯೋಣ. ಒಂದು ಬಿಂದುವಿನ ತ್ರಿಜ್ಯವನ್ನು ಶ್ವಾರ್ಜ್‌ಶೀಲ್ಡ್ ತ್ರಿಜ್ಯದಿಂದ ಭಾಗಿಸಿ ಬಂದ ಸಂಖ್ಯೆ 'ನ' ಆಗಿರಲಿ. ಆಗ ದ² − ಕ² ಎಂಬುದು (ನ − 1) ಅನ್ನು 2.718ರ ನ-ಘಾತದಿಂದ ಗುಣಿಸಿದಷ್ಟಿರುತ್ತದೆ. ನ = 1 ಎಂದಿಟ್ಟರೆ ಬೆಲೆ ಸೊನ್ನೆ; ಮೂಲಬಿಂದುವಿನಲ್ಲಿ ಹಾಯುವ 45 ಡಿಗ್ರಿಯ ಎರಡು ಓರೆಗೆರೆಗಳು ಸಿಗುತ್ತವೆ, ಅವೇ ದಿಗಂತಗಳು. ನ = 2 ಎಂದಿಟ್ಟರೆ ಬೆಲೆ 7.39, 'ದ' ಅಕ್ಷವನ್ನು 2.72ರಲ್ಲಿ ಕತ್ತರಿಸುವ ಅತಿಪರವಲಯ ಬರುತ್ತದೆ. ನ = 0 ಎಂದಿಟ್ಟಾಗ ಬೆಲೆ −1; 'ಕ' ಅಕ್ಷವನ್ನು +1 ಮತ್ತು −1ರಲ್ಲಿ ಕತ್ತರಿಸುವ ಎರಡು ವಕ್ರರೇಖೆಗಳು ಸಿಗುತ್ತವೆ. ಇವನ್ನು ದಪ್ಪವಾಗಿ ಎಳೆಯಿರಿ, ಇವು ಸಿಂಗ್ಯುಲಾರಿಟಿಗಳು, ಅಂದರೆ ದೇಶಕಾಲದ ಬಾಗು ಅನಂತವಾಗುವ ಕೊನೆಗಳು. ಇವುಗಳ ಆಚೆಗೆ ದೇಶಕಾಲವೇ ಇಲ್ಲ. ಬಲಗಡೆಯ ಭಾಗ ನಮ್ಮ ಹೊರಜಗತ್ತು, ಮೇಲಿನದು ಕೃಷ್ಣರಂಧ್ರ, ಕೆಳಗಿನದು ಅದಕ್ಕೆ ತದ್ವಿರುದ್ಧವಾಗಿ ಎಲ್ಲವೂ ಹೊರಬರುವ ಶ್ವೇತರಂಧ್ರ, ಎಡಗಡೆಯದು ಇನ್ನೊಂದು ಹೊರಜಗತ್ತು.

ಓದುವ ನಿಯಮ ಒಂದೇ: ನೇರ ಒಳಕ್ಕೋ ಹೊರಕ್ಕೋ ಹೋಗುವ ಬೆಳಕು ನಕ್ಷೆಯ ಎಲ್ಲೆಡೆಯೂ 45 ಡಿಗ್ರಿಯ ಗೆರೆಯಲ್ಲೇ ಮೇಲಕ್ಕೆ ಸಾಗುತ್ತದೆ, ದ್ರವ್ಯ ಅದಕ್ಕಿಂತ ಕಡಿದಾದ ಹಾದಿಯಲ್ಲಿ ಸಾಗುತ್ತದೆ. ಮೇಲಿನ ಭಾಗದಲ್ಲಿ ಎಲ್ಲಾದರೂ ಒಂದು ಚುಕ್ಕೆ ಇಟ್ಟು ಎಡಕ್ಕೂ ಬಲಕ್ಕೂ ಬೆಳಕಿನ ಗೆರೆಗಳನ್ನು ಎಳೆದು ನೋಡಿ; ಎರಡೂ ಮೇಲಿನ ದಪ್ಪ ರೇಖೆಗೇ ಹೋಗಿ ಮುಟ್ಟುತ್ತವೆ. ನನ್ನ ಮಟ್ಟಿಗೆ ಇಡೀ ನಕ್ಷೆಯಲ್ಲಿ ನಿಧಾನವಾಗಿ ನೋಡಬೇಕಾದ ಜಾಗ ಇದು. ಆ ರೇಖೆ ನಿಂತಿಲ್ಲ, ಮಲಗಿದೆ. ಅಂದರೆ ಸಿಂಗ್ಯುಲಾರಿಟಿ ಕೃಷ್ಣರಂಧ್ರದ ನಡುವೆ ಕೂತಿರುವ ಒಂದು ಸ್ಥಳವಲ್ಲ, ಒಳಹೊಕ್ಕ ಪ್ರತಿಯೊಂದರ ಭವಿಷ್ಯದಲ್ಲೂ ಇರುವ ಒಂದು ಕ್ಷಣ. ನಾಳೆಯನ್ನು ಯಾವ ರಾಕೆಟ್ಟಿನಿಂದಲೂ ತಪ್ಪಿಸಲಾಗದಂತೆ ಅದನ್ನೂ ತಪ್ಪಿಸಲಾಗದು. ತಿರುಗುವಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ದಿಗಂತ ದಾಟಿದವನಿಗೆ ಅವನ ಗಡಿಯಾರದಲ್ಲಿ ಸಿಗುವ ಗರಿಷ್ಠ ಸಮಯ ಸೂರ್ಯನಷ್ಟು ದ್ರವ್ಯರಾಶಿಗೆ ಸುಮಾರು 15 ಮೈಕ್ರೋಸೆಕೆಂಡ್, ನಮ್ಮ ಆಕಾಶಗಂಗೆಯ ನಡುವಿನ ಸ್ಯಾಜಿಟೇರಿಯಸ್ ಎ-ಸ್ಟಾರ್ ಎಂಬ ಕೃಷ್ಣರಂಧ್ರಕ್ಕೆ ಸುಮಾರು ಒಂದು ನಿಮಿಷ, ಎಂ87 ಎಂಬ ಗೆಲಾಕ್ಸಿಯ ಕೃಷ್ಣರಂಧ್ರಕ್ಕೆ ಒಂದು ದಿನಕ್ಕಿಂತ ತುಸು ಹೆಚ್ಚು.

ಹೊರಗಿನ ವೀಕ್ಷಕನ ಗಡಿಯಾರದ ಒಂದೊಂದು ಕ್ಷಣವೂ ಬಲಭಾಗದಲ್ಲಿ ಮೂಲಬಿಂದುವಿನಿಂದ ಹೊರಡುವ ಒಂದೊಂದು ನೇರ ಗೆರೆ. ಕಾಲ ಕಳೆದಂತೆ ಗೆರೆ ಕಡಿದಾಗುತ್ತಾ ಹೋದರೂ 45 ಡಿಗ್ರಿಯನ್ನು ಮುಟ್ಟುವುದು ಅನಂತ ಕಾಲದಲ್ಲಿ. ಬೀಳುವವನು ದಿಗಂತವನ್ನು ದಾಟುವುದೇ ಇಲ್ಲ ಎಂಬ ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿಯೇ; ಅವನ ಹಾದಿಯನ್ನು ಎಳೆದರೆ ಅದು ಓರೆಗೆರೆಯನ್ನು ಯಾವ ಅಡ್ಡಿಯೂ ಇಲ್ಲದೆ ದಾಟುತ್ತದೆ.

ಹಾಳೆಯನ್ನು ತಲೆಕೆಳಗು ಮಾಡಿದರೆ ಕೃಷ್ಣರಂಧ್ರವಿದ್ದಲ್ಲಿ ಶ್ವೇತರಂಧ್ರ ಬರುತ್ತದೆ. ಕೆಳಗಿನ ಭಾಗದಲ್ಲಿರುವುದೆಲ್ಲ ಹೊರಬರಲೇಬೇಕು, ಹೊರಗಿನಿಂದ ಅದರೊಳಕ್ಕೆ ಏನೂ ಹೋಗಲಾರದು. ಇಷ್ಟರಿಂದ ಶ್ವೇತರಂಧ್ರ ವಸ್ತುಗಳನ್ನು ದೂರ ತಳ್ಳುತ್ತದೆ ಎಂದುಕೊಳ್ಳುವವರು ಬಹಳ. ಅದು ನಿಜವಲ್ಲ. ಹೊರಗಿನ ಜ್ಯಾಮಿತಿ ಎರಡಕ್ಕೂ ಒಂದೇ ಆದ್ದರಿಂದ ಶ್ವೇತರಂಧ್ರವೂ ಅಷ್ಟೇ ಬಲವಾಗಿ ಆಕರ್ಷಿಸುತ್ತದೆ. ಅದರತ್ತ ಬಿಟ್ಟ ಚೆಂಡಿನ ಹಾದಿಯನ್ನು ಬಲಭಾಗದಿಂದ ಮೇಲ್ಮುಖವಾಗಿ ಎಳೆಯಿರಿ. ಅದು ಕೆಳಗಿನ ಭಾಗಕ್ಕೆ ಇಳಿಯದೆ ಮೇಲಿನ ಕೃಷ್ಣರಂಧ್ರಕ್ಕೇ ಬೀಳುತ್ತದೆ.

ಎಡಬಲ ಜಗತ್ತುಗಳ ನಡುವಿನ ಸೇತುವೆಯನ್ನು ಐನ್‌ಸ್ಟೈನ್ ಮತ್ತು ರೋಸನ್ 1935ರಲ್ಲಿ ವಿವರಿಸಿದರು. ಅಡ್ಡಗೆರೆಗಳನ್ನು ಎಳೆದು ಅದರ ಕುತ್ತಿಗೆಯನ್ನು, ಅಂದರೆ ಅತ್ಯಂತ ಕಿರಿದಾದ ಜಾಗವನ್ನು, ಅಳೆಯಬಹುದು: ಕ = 0 ಇದ್ದಾಗ ನ = 1, ಕ = 0.91 ಆದಾಗ ನ = 0.5, ಕ = 1 ಆದಾಗ ಸೊನ್ನೆ. ಬೆಳಕು ಆಚೆ ತಲುಪುವ ಮೊದಲೇ ಕುತ್ತಿಗೆ ಮುಚ್ಚಿಹೋಗುತ್ತದೆ ಎಂದು ಫುಲ್ಲರ್ ಮತ್ತು ವೀಲರ್ 1962ರಲ್ಲಿ ತೋರಿಸಿದರು.

ಕೊನೆಗೆ ನಿಜವಾದ ನಕ್ಷತ್ರವೊಂದರ ಕುಸಿತವನ್ನು ಇದೇ ಹಾಳೆಯಲ್ಲಿ ಗುರುತಿಸಿ. ನಕ್ಷತ್ರದ ಮೇಲ್ಮೈ ಬಲಭಾಗದ ಒಂದು ಅತಿಪರವಲಯದ ಗುಂಟ ಕೆಳಗಿನಿಂದ ಬಂದು, ಕುಸಿಯತೊಡಗಿದ ಮೇಲೆ ಓರೆಗೆರೆಯನ್ನು ದಾಟಿ ಮೇಲಿನ ಸಿಂಗ್ಯುಲಾರಿಟಿಗೆ ಮುಟ್ಟುತ್ತದೆ. ಆ ಹಾದಿಯ ಎಡಕ್ಕಿರುವುದು ನಕ್ಷತ್ರದ ಒಡಲು. ಅಲ್ಲಿ ದ್ರವ್ಯವಿರುವುದರಿಂದ ಶ್ವಾರ್ಜ್‌ಶೀಲ್ಡ್ ಜ್ಯಾಮಿತಿ ಅನ್ವಯಿಸುವುದಿಲ್ಲ. ಅಷ್ಟನ್ನೂ ಪೆನ್ಸಿಲ್ಲಿನಿಂದ ಗೀಚಿ ಮುಚ್ಚಿದರೆ ಶ್ವೇತರಂಧ್ರ, ಸೇತುವೆ, ಇನ್ನೊಂದು ಜಗತ್ತು ಎಲ್ಲವೂ ಮುಚ್ಚಿಹೋಗುತ್ತವೆ. ಬಲಭಾಗವೂ ಮೇಲಿನ ಭಾಗದ ಒಂದು ತುಂಡೂ ಮಾತ್ರ ಉಳಿಯುತ್ತವೆ.